ಅಜ್ಜ ಸೆನ್ಸಸ್‌ನಲ್ಲಿಲ್ಲ, ಪಹಣಿಯಲ್ಲಿದ್ದಾನೆ

ನಮ್ಮ ದೇಶದ ಜನಗಣತಿಯಲ್ಲಿ ನಿಮ್ಮ ಅಜ್ಜನ ಹೆಸರು ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅಜ್ಜನ ಮೂಲ ಹುಡುಕಲು ಹೊರಟವರಿಗೆ "ಸೆನ್ಸಸ್ ನೋಡಿದ್ರಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನನ್ನು ಕೇಳಿದ್ದು ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗ. ಅವನ ಪಕ್ಕದ ಮನೆಯವರು 1950ರ ಸೆನ್ಸಸ್ ಹಾಳೆಯಲ್ಲಿ ತಮ್ಮ ತಾತನ ಹೆಸರು, ವಯಸ್ಸು, ಕೆಲಸ, ಹುಟ್ಟಿದ ದೇಶ ಎಲ್ಲವನ್ನೂ ಮನೆಯಲ್ಲಿ ಕೂತೇ ಹುಡುಕಿ ತೆಗೆದಿದ್ದರಂತೆ. ಅಮೆರಿಕದಲ್ಲಿ 72 ವರ್ಷ ಆದ ಮೇಲೆ ಗಣತಿಯ ಮೂಲ ಹಾಳೆಗಳನ್ನು ಎಲ್ಲರಿಗೂ ನೋಡಲು ಬಿಡುತ್ತಾರೆ. ಇಂಗ್ಲೆಂಡಿನಲ್ಲಿ 100 ವರ್ಷ ಕಾಯಬೇಕು. ನಮ್ಮಲ್ಲಿ ಹಾಗಿಲ್ಲ. ಗಣತಿದಾರರು ತುಂಬಿ ತಂದ ಹಾಳೆಗಳಿಂದ ಲೆಕ್ಕ ತೆಗೆದ ಮೇಲೆ ಆ ಹಾಳೆಗಳನ್ನು ಕಾಪಾಡಿ ಇಡುವ ಪದ್ಧತಿಯೇ ಇರಲಿಲ್ಲ. ಇದ್ದಿದ್ದರೂ ನಮಗೆ ತೋರಿಸುವ ಹಾಗಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಅವು ಗೋಪ್ಯ.

ನಾನು ಈ ಕೆಲಸಕ್ಕೆ ಇಳಿದಿದ್ದಕ್ಕೆ ಕಾರಣ ನಮ್ಮ ದೊಡ್ಡತ್ತೆ. ಅವರಿಗೆ ಮೂಲ ನಾಗನ ಸ್ಥಾನ, ಅಂದರೆ ನಮ್ಮ ಹಿರಿಯರು ಪೂಜಿಸುತ್ತಿದ್ದ ನಾಗನ ಜಾಗ, ಬೇಕಿತ್ತು. ಮನೆಯಲ್ಲಿ ಒಂದರ ಹಿಂದೆ ಒಂದು ತಾಪತ್ರಯ, ಮೊಮ್ಮಗಳ ಮದುವೆ ಬೇರೆ ಮುಂದಕ್ಕೆ ಹೋಗುತ್ತಲೇ ಇತ್ತು. ಜ್ಯೋತಿಷ್ಯದ ಪ್ರಶ್ನೆ ಇಡಿಸಿದರೆ ಭಟ್ಟರು, ನಿಮ್ಮ ಮೂಲದ ನಾಗನಿಗೆ ಸೇವೆ ನಿಂತುಹೋಗಿದೆ, ಬನ ಎಲ್ಲಿದೆ ಅಂತ ಹುಡುಕಿ ಅಂದರು. ಘಟ್ಟ ಹತ್ತಿ ಬಂದ ಕುಟುಂಬಗಳಲ್ಲಿ ಇದು ಮಾಮೂಲು. ಜನ ಊರು ಬಿಟ್ಟು ಮೂರು ತಲೆ ಆಗಿರುತ್ತದೆ, ನಾಗ ಮಾತ್ರ ಅಲ್ಲೇ ಇರುತ್ತಾನೆ. ನಮ್ಮ ಮನೆಯಲ್ಲಿ ಗೊತ್ತಿದ್ದದ್ದು ಇಷ್ಟೇ: ಅಜ್ಜ ಘಟ್ಟದ ಕೆಳಗಿಂದ ಬಂದವನು. ಯಾವ ಊರು, ಯಾವ ಮನೆ, ಯಾಕೆ ಬಂದ, ಯಾರನ್ನು ಕೇಳಿದರೂ ಗೊತ್ತಿಲ್ಲ. ಅಜ್ಜ, ಅಜ್ಜಿ ಇಬ್ಬರೂ ನಾನು ಹುಟ್ಟುವ ಮೊದಲೇ ಹೋಗಿದ್ದರು. "ನೀನು ಆಫೀಸಲ್ಲಿ ದಿನಾ ಕಾಗದ ನೋಡ್ತೀಯಲ್ಲ ಮಾರಾಯ್ತಿ, ನೀನೇ ಹುಡುಕು" ಅಂದರು ದೊಡ್ಡತ್ತೆ. ನಾನು ಶಿವಮೊಗ್ಗದಲ್ಲಿ ಒಬ್ಬ ಆಡಿಟರ್ ಹತ್ತಿರ ಲೆಕ್ಕ ಬರೆಯುವವಳು. ಕಾಗದ ನೋಡುವುದು ನಿಜ, ಆದರೆ ಅವೆಲ್ಲ ಜಿಎಸ್‌ಟಿ ಕಾಗದ.

ಹೆಸರು ಸಿಗದಿದ್ದರೂ ಸೆನ್ಸಸ್ ವರದಿಗಳನ್ನು ನಾನು ಓದಿದೆ, ಓದಿದ್ದು ದಂಡ ಆಗಲಿಲ್ಲ. ಹಳೆ ಮೈಸೂರು ಸಂಸ್ಥಾನದ ವರದಿಗಳು ಈಗ ಜನಗಣತಿ ಇಲಾಖೆಯ ಡಿಜಿಟಲ್ ಲೈಬ್ರರಿಯಲ್ಲೇ ಸಿಗುತ್ತವೆ, ದುಡ್ಡೂ ಕೊಡಬೇಕಾಗಿಲ್ಲ. ಒಂದು ವಿಷಯ ಗೊತ್ತಿರಲಿ. ಶುರುವಿನ ವರದಿಗಳಲ್ಲಿ ಹೊಸನಗರ ತಾಲೂಕು ಅಂತ ಹುಡುಕಿದರೆ ಏನೂ ಸಿಗಲ್ಲ, ಅದು ನಗರ ತಾಲೂಕು ಅಂತ ಇರುತ್ತದೆ. 1901ರಲ್ಲಿ ಇಡೀ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 5 ಲಕ್ಷ 31 ಸಾವಿರ ಚಿಲ್ಲರೆ. ಮುಂದಿನ 20 ವರ್ಷ ಅದು ಏರುವ ಬದಲು ಇಳಿದಿದೆ. ಮಲೆನಾಡಿನ ಚಳಿಜ್ವರ ಒಂದು ಕಡೆ, ಪ್ಲೇಗು ಒಂದು ಕಡೆ, 1918ರ ಇನ್‌ಫ್ಲುಯೆಂಜಾ ಇನ್ನೊಂದು ಕಡೆ. ಕೂಲಿಗೆ ಜನ ಸಾಲದೆ ತೋಟದವರು ಘಟ್ಟದ ಕೆಳಗೆ ಕೈ ಚಾಚುತ್ತಿದ್ದರು. ವರದಿಗಳಲ್ಲಿ ಜನ್ಮಸ್ಥಳದ ಕೋಷ್ಟಕ ಅಂತ ಒಂದಿದೆ. ದಕ್ಷಿಣ ಕನ್ನಡದಲ್ಲಿ ಹುಟ್ಟಿ ಶಿವಮೊಗ್ಗ ಜಿಲ್ಲೆಯಲ್ಲಿ ಎಣಿಕೆಗೆ ಸಿಕ್ಕವರು ಎಷ್ಟು ಜನ ಅಂತ ಅದರಲ್ಲಿ ಕಾಣುತ್ತದೆ. ಅದನ್ನು ನೋಡಿದಾಗ ಅಜ್ಜ ಒಬ್ಬನೇ ಗುಡ್ಡ ಹತ್ತಿ ಬಂದವನಲ್ಲ, ಒಂದು ದೊಡ್ಡ ಗುಂಪಿನಲ್ಲಿ ಒಬ್ಬ ಅನ್ನುವುದು ಗೊತ್ತಾಯಿತು.

ಆ ಕಾಲದ ಗಣತಿ ಒಂದೇ ರಾತ್ರಿಯ ಲೆಕ್ಕ. ಆ ರಾತ್ರಿ ಯಾರು ಎಲ್ಲಿದ್ದರೋ ಅಲ್ಲೇ ಎಣಿಕೆ. 1931ರಲ್ಲಿ ಅದು ಫೆಬ್ರವರಿ 26. ಈಗ ಘಟ್ಟದ ಕೆಳಗಿನ ಕೂಲಿಯವರ ವರ್ಷ ನೆನಪು ಮಾಡಿಕೊಳ್ಳಿ. ಕೆಳಗೆ ಗದ್ದೆ ಕೊಯ್ಲು ಮುಗಿಸಿ ಮೇಲೆ ಬರುವುದು, ಅಡಿಕೆ ಸುಲಿತ, ತೋಟದ ಮಣ್ಣು ಕೆಲಸ, ಸೊಪ್ಪು ಕಡಿಯುವುದು ಎಲ್ಲ ಮಾಡಿ, ಮಳೆ ಹಿಡಿಯುವ ಮೊದಲು ಕೆಳಗಿಳಿಯುವುದು. ಫೆಬ್ರವರಿ ಕೊನೆಯಲ್ಲಿ ಅವರೆಲ್ಲ ಮೇಲೇ ಇರುತ್ತಾರೆ. ಹಾಗಾಗಿ ಜನ್ಮಸ್ಥಳದ ಆ ಅಂಕಿಯಲ್ಲಿ ನೆಲೆ ನಿಂತವರು ಯಾರು, ಬಂದು ಹೋಗುವವರು ಯಾರು ಅಂತ ಬೇರೆ ಮಾಡುವುದು ಕಷ್ಟ. ಅಜ್ಜ ಮೊದಲು ಬಂದು ಹೋಗುವವನೇ ಆಗಿದ್ದಿರಬೇಕು. ಯಾವುದೋ ಒಂದು ವರ್ಷ ಇಳಿಯಲಿಲ್ಲ, ಅಷ್ಟೇ.

ಇನ್ನೊಂದು ಉಪಯೋಗ ಆಯಿತು. 1951ರಿಂದ ಜಿಲ್ಲಾವಾರು ಗಣತಿ ಕೈಪಿಡಿಗಳು ಬಂದಿವೆ. ಅವುಗಳಲ್ಲಿ ಗ್ರಾಮವಾರು ಪಟ್ಟಿ ಇದೆ. ಅಜ್ಜ ಗೇಣಿಗೆ ಇದ್ದ ಹಳ್ಳಿ ಈಗ ಲಿಂಗನಮಕ್ಕಿಯ ಹಿನ್ನೀರಿನಲ್ಲಿದೆ. ಅಣೆಕಟ್ಟು ಮುಗಿದಿದ್ದು 1964ರಲ್ಲಿ. 1951 ಮತ್ತು 1961ರ ಪಟ್ಟಿಯಲ್ಲಿ ಆ ಹಳ್ಳಿಯ ಮನೆಗಳ ಸಂಖ್ಯೆ, ಗಂಡಸರು, ಹೆಂಗಸರು, ಎಲ್ಲ ಇದೆ. 1971ರಲ್ಲಿ ಹಳ್ಳಿಯ ಹೆಸರಿದೆ, ಪಕ್ಕದ ಕಾಲಂಗಳಲ್ಲಿ ಏನೂ ಇಲ್ಲ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಳುಗಡೆಯಿಂದ ಬಂದವರಿಗೆ ಕೊಟ್ಟ ಜಾಗದ ಹಕ್ಕುಪತ್ರದ ತಕರಾರು ಎಷ್ಟೋ ಮನೆಗಳಲ್ಲಿ ಇನ್ನೂ ಮುಗಿದಿಲ್ಲ, ನಮ್ಮ ಮನೆಯದೂ ಸೇರಿ.

ಈ ನಡುವೆ ಸಿಕ್ಕವರೆಲ್ಲ ಒಂದೊಂದು ದಾರಿ ತೋರಿಸಿದರು. ಶಿಕಾರಿಪುರದ ನನ್ನ ಸಹೋದ್ಯೋಗಿಯ ಮನೆಗೆ ಈಗಲೂ ಹೆಳವರು ಬಂದು ಅವರ ವಂಶಾವಳಿಯನ್ನು ತಲೆತಲಾಂತರದಿಂದ ಓದಿ ಹೇಳುತ್ತಾರಂತೆ. "ಹೆಳವರನ್ನ ಕರ್ಸಿ, ಅರ್ಧ ದಿನದ ಕೆಲಸ" ಅಂದರು. ಅವರು ನಮ್ಮಂಥವರ ಮನೆಗೆ ಬರುವುದಿಲ್ಲ, ನಮ್ಮ ಲೆಕ್ಕ ಅವರ ಪುಸ್ತಕದಲ್ಲಿಲ್ಲ. ಇನ್ನೊಬ್ಬರು ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಕಳಿಸಿದರು. ಅಲ್ಲಿನ ಓಲೆಗರಿಗಳನ್ನು, ಕಡತಗಳನ್ನು ನೋಡಲೇಬೇಕು ಬಿಡಿ. ಕಡತ ಅಂದರೆ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಿಸಿ, ಬಳಪದಿಂದ ಬರೆಯುವ ಪುಸ್ತಕ. ಅಳಿಸಿ ಮತ್ತೆ ಬರೆಯಬಹುದು. ಆದರೆ ಅರಸರ, ಮಠಗಳ, ಜಮೀನುಳ್ಳವರ ಲೆಕ್ಕ ಇರುವ ಕಡೆ 1930ರ ದಶಕದ ಒಬ್ಬ ಒಕ್ಕಲಿನವನನ್ನು ಹುಡುಕಿದರೆ ಎಲ್ಲಿ ಸಿಗುತ್ತಾನೆ?

ಕೆಲಸ ನಿಜವಾಗಿ ಶುರುವಾಗಿದ್ದು ದೊಡ್ಡಪ್ಪನ ಮನೆ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ. ಅದರಲ್ಲಿ ಕಂದಾಯದ ರಸೀದಿಗಳು, ಸೊಸೈಟಿ ಸಾಲದ ಚೀಟಿಗಳು, ಧಣಿಗಳ ಮನೆಯ ಲೆಕ್ಕದಿಂದ ಹರಿದುಕೊಟ್ಟ ಒಂದೆರಡು ಹಾಳೆ, ಪಡಿತರ ಚೀಟಿ ಇದ್ದವು. ಅಂಚುಗಳನ್ನು ಗೆದ್ದಲು ತಿಂದಿತ್ತು, ನಡುವೆ ಅಕ್ಷರ ಚೆನ್ನಾಗಿಯೇ ಉಳಿದಿತ್ತು. ನಾನು ಎಲ್ಲವನ್ನೂ ವರ್ಷದ ಪ್ರಕಾರ ನೆಲದ ಮೇಲೆ ಹರಡಿದೆ. ಲೆಕ್ಕ ಬರೆಯುವವರ ಚಾಳಿ ಅದು. ಹಾಗೆ ಹರಡಿದಾಗ ಒಂದು ಕಣ್ಣಿಗೆ ಬಿತ್ತು. ಧಣಿಗಳ ಹಾಳೆಯಲ್ಲಿ ಅಜ್ಜನ ಹೆಸರು ಬರೀ ಎರಡಕ್ಷರ. ಮುಳುಗಡೆಯಾಗಿ ಈ ಕಡೆ ಬಂದು, ತನ್ನದೇ ಎರಡು ಎಕರೆಗೆ ಕಂದಾಯ ಕಟ್ಟಿದ ರಸೀದಿಯಲ್ಲಿ ಅದೇ ಹೆಸರಿನ ಕೊನೆಗೆ 'ಯ್ಯ' ಸೇರಿದೆ. ಆಮೇಲಿನ ಕಾಗದಗಳಲ್ಲೆಲ್ಲ 'ಯ್ಯ' ಇದೆ. ಜಮೀನು ಬಂದ ಮೇಲೆ ಮರ್ಯಾದೆ ಬಂತು ಅಂತ ನಮ್ಮಪ್ಪ ನಕ್ಕರು. ನನಗೆ ಉಪಯೋಗ ಆಗಿದ್ದು ಬೇರೆ ರೀತಿ. 1964ಕ್ಕಿಂತ ಹಿಂದಿನ ದಾಖಲೆಯಲ್ಲಿ 'ಯ್ಯ' ಹಾಕಿ ಹುಡುಕಿದರೆ ಅಜ್ಜ ಸಿಗುವುದಿಲ್ಲ.

ಆ ರಸೀದಿಗಳಲ್ಲಿ ಅಜ್ಜನ ಹೆಸರಿನ ಮುಂದೆ 'ಬಿನ್' ಅಂತ ಬರೆದು ಅವನ ಅಪ್ಪನ ಹೆಸರನ್ನೂ ಹಾಕಿದ್ದರು. ಮುತ್ತಜ್ಜನ ಹೆಸರು ನಮಗೆ ಗೊತ್ತಾಗಿದ್ದು ಹಾಗೆ, ಒಂದು ಕಂದಾಯದ ರಸೀದಿಯಿಂದ. ಅಜ್ಜಿ ಇರುವುದು ಪಡಿತರ ಚೀಟಿಯಲ್ಲಿ ಮಾತ್ರ. ಅಲ್ಲಿ ಹೆಸರಿನ ಮುಂದೆ 'ಕೋಂ', ಆಮೇಲೆ ಅಜ್ಜನ ಹೆಸರು. ಯಾರ ಮಗಳು ಅಂತ ಯಾವ ಕಾಗದವೂ ಕೇಳಿಲ್ಲ.

ಆಮೇಲೆ ಶಾಲೆ. ಹಳೆ ಶಾಲೆಗಳ ದಾಖಲಾತಿ ರಿಜಿಸ್ಟರ್ ಇದೆಯಲ್ಲ, ಅದು ನಮ್ಮಂಥ ಮನೆಗಳಿಗೆ ಚಿನ್ನ. ಮಗುವಿನ ಹೆಸರು, ಅಪ್ಪನ ಹೆಸರು, ಕಸುಬು, ಜಾತಿ, ಹುಟ್ಟಿದ ಊರು ಎಲ್ಲಾ ಒಂದೇ ಸಾಲಿನಲ್ಲಿರುತ್ತದೆ. ಹುಟ್ಟಿದ ದಿನವನ್ನು ಮಾತ್ರ ನಂಬಬೇಡಿ. ಅರ್ಧ ಊರಿನ ಮಕ್ಕಳು ಜೂನ್ 1ಕ್ಕೆ ಹುಟ್ಟಿರುತ್ತಾರೆ. ಮೇಷ್ಟ್ರು ಮಗುವಿನ ಕೈಯನ್ನು ತಲೆ ಮೇಲಿಂದ ಹಾಯಿಸಿ ಕಿವಿ ಮುಟ್ಟಿಸಿ ವಯಸ್ಸು ಬರೆದುಕೊಳ್ಳುತ್ತಿದ್ದ ಕಾಲ ಅದು. ದೊಡ್ಡಪ್ಪ ಓದಿದ ಶಾಲೆ ನೀರಲ್ಲಿ ಹೋಗಿತ್ತು. ಅದರ ಪುಸ್ತಕಗಳು ಪಕ್ಕದ ಊರಿನ ಶಾಲೆಗೆ ಬಂದಿವೆ ಅಂತ ಅಲ್ಲಿಯ ಹೆಡ್‌ಮೇಷ್ಟ್ರು ಫೋನಿನಲ್ಲೇ ಹೇಳಿದರು. ಹೋದರೆ, ಬಿಸಿಯೂಟದ ಅಕ್ಕಿ ಇಡುವ ಕೋಣೆಯ ಬೀರುವಿನಿಂದ ಉದ್ದನೆಯ ರಿಜಿಸ್ಟರ್ ತೆಗೆದು ಕೊಟ್ಟರು. ರಟ್ಟು ಕಿತ್ತಿತ್ತು, ಒಳಗೆ ಉಕ್ಕಿನ ಮೊನೆಯಲ್ಲಿ ಬರೆದ ನೀಲಿ ಅಕ್ಷರ ಮುತ್ತಿನ ಹಾಗಿತ್ತು. 1946ನೇ ಇಸವಿಯ ಪುಟದಲ್ಲಿ ದೊಡ್ಡಪ್ಪ ಸಿಕ್ಕರು. ಅಪ್ಪನ ಕಸುಬು: ಕೂಲಿ. ಹುಟ್ಟಿದ ಊರು: ಸಿದ್ದಾಪುರ.

ಅಷ್ಟೇ. ಯಾವ ಸಿದ್ದಾಪುರ? ಮಲೆನಾಡಿನವರಿಗೆ ಸಿದ್ದಾಪುರ ಅಂದರೆ ತಟ್ಟನೆ ಹೊಳೆಯುವುದು ಸಾಗರದ ಆಚೆಯ ಸಿದ್ದಾಪುರ, ಉತ್ತರ ಕನ್ನಡದ್ದು. ಹುಲಿಕಲ್ ಘಾಟಿ ಇಳಿದು ಹೊಸಂಗಡಿ ದಾಟಿದರೆ ಇನ್ನೊಂದು ಸಿದ್ದಾಪುರ, ಆಗಿನ ದಕ್ಷಿಣ ಕನ್ನಡದ ಕುಂದಾಪುರ ತಾಲೂಕಿನದು. ಇದು ಬರೀ ಬಸ್ಸಿನ ಬೋರ್ಡಿನ ಗೊಂದಲ ಅಲ್ಲ. ಆ ಕಾಲದಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯ, ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯ, ನಾವಿರುವುದು ಮೈಸೂರು ಸಂಸ್ಥಾನ. 1956ರ ನವೆಂಬರ್ 1ರಂದು ಎಲ್ಲ ಒಂದಾಗುವವರೆಗೆ ಮೂರು ಕಡೆಯೂ ಬೇರೆ ಬೇರೆ ಸರ್ಕಾರ, ಬೇರೆ ಬೇರೆ ಕಂದಾಯ ಪದ್ಧತಿ, ಬೇರೆ ಬೇರೆ ಪುಸ್ತಕ. ತಪ್ಪು ಸಿದ್ದಾಪುರ ಹಿಡಿದರೆ ತಪ್ಪು ರಾಜ್ಯದ ಕಾಗದಗಳಲ್ಲಿ ವರ್ಷಗಟ್ಟಲೆ ಮುಳುಗಬೇಕಾಗುತ್ತದೆ.

ಇದನ್ನು ಬಿಡಿಸಿದ್ದು ಕಾಗದ ಅಲ್ಲ, ದೊಡ್ಡತ್ತೆ. "ಅಬ್ಬಿ ಯಾವ ದೇವರಿಗೆ ಹರಕೆ ಹೇಳ್ಕಳ್ತಿತ್ತು?" ಅಂತ ತಾವೇ ಕೇಳಿಕೊಂಡು ತಾವೇ ಉತ್ತರ ಹೇಳಿದರು: "ಕಮಲಶಿಲೆ ಅಮ್ಮನಿಗೆ." ಕಮಲಶಿಲೆ ಇರುವುದು ಕುಂದಾಪುರದ ಸಿದ್ದಾಪುರದ ಹತ್ತಿರ. ಅಮ್ಮನನ್ನು ಅಬ್ಬಿ ಅಂತ ಕರೆಯುವುದೂ ಆ ಕಡೆಯವರೇ. ಜೊತೆಗೆ ಧಣಿಗಳು ಕೊಳಗದಲ್ಲಿ ಭತ್ತ ಅಳೆಯುತ್ತಿದ್ದರೆ ಅಜ್ಜ ಅದನ್ನು ಮುಡಿಗೆ ತಿರುಗಿಸಿ ಲೆಕ್ಕ ಹಾಕುತ್ತಿದ್ದನಂತೆ, ಅದೂ ಅವರಿಗೆ ನೆನಪಿತ್ತು. ಅಕ್ಕಿಯನ್ನು ಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುವುದು ಕರಾವಳಿಯವರ ಕೆಲಸ. ಕೊಳಗದ ವಿಷಯ ಬಂದಾಗ ನನ್ನ ಮನಸ್ಸು ಕಾಗೋಡಿಗೆ ಹೋಯಿತು. 1951ರಲ್ಲಿ ಸಾಗರ ತಾಲೂಕಿನ ಆ ಊರಲ್ಲಿ ಗೇಣಿದಾರರು ಎದ್ದು ನಿಂತಿದ್ದಕ್ಕೆ ಧಣಿಗಳ ಕೊಳಗದ ಅಳತೆಯೂ ಒಂದು ಕಾರಣ. ಅಜ್ಜ ಮುಡಿಯ ಲೆಕ್ಕವನ್ನು ಯಾಕೆ ಬಿಡಲಿಲ್ಲ ಅಂತ ಆಗ ಅರ್ಥ ಆಯಿತು.

ಇಷ್ಟಾದರೂ ಸಿದ್ದಾಪುರ ಒಂದು ಹೋಬಳಿಯಷ್ಟು ದೊಡ್ಡ ಸೀಮೆ. ಮನೆ ಬೇಕಿತ್ತು. ಅದಕ್ಕೆ ಜಮೀನಿನ ಕಾಗದಕ್ಕೇ ಹೋಗಬೇಕಾಯಿತು. ಇಡೀ ಹುಡುಕಾಟದಲ್ಲಿ ನನಗೆ ಗಟ್ಟಿಯಾಗಿ ಅನಿಸಿದ್ದು ಇದೇ: ಬಡವನ ಹೆಸರನ್ನು ಸರ್ಕಾರ ಬರೆದುಕೊಳ್ಳುವುದು ಜಮೀನಿನ ಜಗಳ ಬಂದಾಗ ಮಾತ್ರ. ಹೆಸರು ಹಿಡಿದು ಹೋದರೆ ಏನೂ ಸಿಗುವುದಿಲ್ಲ, ಸರ್ವೆ ನಂಬರ್ ಹಿಡಿದು ಹೋದರೆ ಸಿಗುತ್ತದೆ.

ಪಹಣಿ ಗೊತ್ತಲ್ಲ, ಜಮೀನು ಯಾರದು, ಸಾಗುವಳಿ ಯಾರದು ಅಂತ ಬರೆದಿಡುವ ಸರ್ಕಾರಿ ದಾಖಲೆ. ಈಗಿನ ಭೂಮಿ ತಂತ್ರಾಂಶದಲ್ಲಿ ಬರುವುದು ಸುಮಾರು 2000ನೇ ಇಸವಿಯ ಈಚಿನದು. ಅದರ ಹಿಂದಿನದಕ್ಕೆ ಕೈಬರಹದ ಪಹಣಿಯನ್ನೇ ಕೇಳಬೇಕು. ಎಲ್ಲರೂ 9ನೇ ಕಾಲಂ ನೋಡುತ್ತಾರೆ, ಅದು ಮಾಲೀಕರ ಹೆಸರು. ಅಜ್ಜನಂಥವರು ಇರುವುದು 12ನೇ ಕಾಲಂನಲ್ಲಿ. ಸಾಗುವಳಿ ಮಾಡುವವರು ಯಾರು, ಸ್ವಂತವೋ ಗೇಣಿಯೋ ಅಂತ ಅಲ್ಲಿ ಬರೆದಿರುತ್ತಾರೆ. 1974ರ ಭೂಸುಧಾರಣೆಯ ನಂತರ ನಮೂನೆ 7 ತುಂಬಿ ಡಿಕ್ಲರೇಷನ್ ಕೊಟ್ಟ ಮನೆಗಳವರಿಗಂತೂ ಕೆಲಸ ಇನ್ನೂ ಸುಲಭ. ಯಾವಾಗಿನಿಂದ ಗೇಣಿಗೆ ಇದ್ದರು, ಮೊದಲು ಎಲ್ಲಿದ್ದರು ಅಂತ ಭೂ ನ್ಯಾಯಮಂಡಳಿಯ ಫೈಲಿನಲ್ಲಿ ಅಕ್ಕಪಕ್ಕದವರ ಹೇಳಿಕೆಗಳೇ ಇರುತ್ತವೆ. ನನ್ನ ಅಮ್ಮನ ತವರಿನ ಕಥೆ ಪೂರ್ತಿ ಅಂಥ ಒಂದು ಫೈಲಿನಿಂದಲೇ ಸಿಕ್ಕಿದೆ. ಅಜ್ಜನ ಜಮೀನು ಅದಕ್ಕೂ ಹತ್ತು ವರ್ಷ ಮೊದಲೇ ಮುಳುಗಿತ್ತು. ಹಾಗಾಗಿ ಮುಳುಗಡೆಯ ಫೈಲು ಹುಡುಕಬೇಕಿತ್ತು.

ಕಚೇರಿ ಅಲೆದಾಟದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ, ಉದ್ದ ಮಾಡುವುದಿಲ್ಲ. ಒಂದು ಕಡೆ ಹಳ್ಳಿಯೇ ಇಲ್ಲ ಅಂದ ಮೇಲೆ ಪಹಣಿ ಎಲ್ಲಿಂದ ಬರುತ್ತೆ ಅಂದರು. ಇನ್ನೊಂದು ಕಡೆ ಆ ಫೈಲುಗಳು ಮಳೆ ನೀರಿಗೆ ಹಾಳಾಗಿವೆ ಅಂದರು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 30 ದಿನದೊಳಗೆ ಉತ್ತರ ಕೊಡಬೇಕಲ್ಲ, ಕೊಟ್ಟರು: 'ಲಭ್ಯವಿಲ್ಲ'. ಆದರೆ ಅದೇ ಕಚೇರಿಯಲ್ಲಿ ನಿವೃತ್ತಿಗೆ ಹತ್ತಿರ ಇದ್ದ ಒಬ್ಬರು ಡಿ ಗ್ರೂಪ್ ನೌಕರರು ನನ್ನ ಅರ್ಜಿಯಲ್ಲಿ ಊರಿನ ಹೆಸರು ಓದಿದರು. ಅವರ ಮನೆಯವರೂ ಮುಳುಗಡೆಯವರು. "ನಿಮ್ಮಜ್ಜನ ಹೆಸರಲ್ಲಿ ಹುಡುಕಿದ್ರೆ ಸಿಗಲ್ಲ ಮೇಡಂ. ಧಣಿಗಳ ಸರ್ವೆ ನಂಬರ್ ಹೇಳಿ" ಅಂದರು. ನಂಬರು ನನ್ನ ಹತ್ತಿರ ಇತ್ತು, ಪೆಟ್ಟಿಗೆಯ ಲೆಕ್ಕದ ಹಾಳೆಯಲ್ಲಿ.

ರೆಕಾರ್ಡ್ ರೂಮಿನ ಮೇಲಿನ ಹಲಗೆಯಿಂದ ಕೆಂಪು ಬಟ್ಟೆಯ ಕಟ್ಟೊಂದನ್ನು ಇಳಿಸಿ, ಗಂಟು ಬಿಚ್ಚಿ, ಮುಖ ಆಚೆ ತಿರುಗಿಸಿಕೊಂಡು ಎರಡು ಸಲ ಕೊಡವಿದರು. ಧೂಳಿಗೆ ನಾನು ಸೀನುತ್ತಾ ಇದ್ದೆ. ಭೂಸ್ವಾಧೀನದ ಕಾಗದಗಳು, ಮರಗಳ ಲೆಕ್ಕ, ಅಡಿಕೆ ಮರ ಇಷ್ಟು, ಫಲ ಬಿಡುವುದು ಇಷ್ಟು, ಎಳೆ ಗಿಡ ಇಷ್ಟು, ಎಲ್ಲ ಧಣಿಗಳ ಹೆಸರಲ್ಲಿ. ಪರಿಹಾರವೂ ಅವರಿಗೇ. ಕೊನೆಯಲ್ಲಿ ಟ್ಯಾಗ್ ಹಾಕಿ ಸೇರಿಸಿದ ಒಂದಷ್ಟು ಹಾಳೆ. ಒಕ್ಕಲುಗಳ ಹೇಳಿಕೆ ಅವು. ಪುನರ್ವಸತಿಯ ಜಾಗ ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಲು ಒಬ್ಬೊಬ್ಬರನ್ನೇ ಕೂರಿಸಿ ಬರೆಸಿಕೊಂಡದ್ದು. ಅಜ್ಜನದು ಮುಕ್ಕಾಲು ಪುಟ. 1962ರ ತಾರೀಕು. ತಾನು ಮೂಲದಲ್ಲಿ ಕುಂದಾಪುರ ತಾಲೂಕಿನವನು, ಇಂಥ ಗ್ರಾಮ, ಇಂಥ ಮನೆ, ಸುಮಾರು 25 ವರ್ಷದಿಂದ ಈ ಧಣಿಗಳ ಕೈಕೆಳಗೆ ಇದ್ದೇನೆ, ಊರಲ್ಲಿ ತನಗೆ ಬೇರೆ ಜಮೀನು ಇಲ್ಲ ಅಂತ ಇದೆ. ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ಬೆರಳಿನ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ, ಶಾಯಿ ಹತ್ತದ ಜಾಗ. ಕತ್ತಿ ತಾಗಿದ ಹಳೆ ಗಾಯ ಇರಬೇಕು. ಅಜ್ಜನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅಪ್ಪನಿಗೆ ಆ ಹಾಳೆಯ ಫೋಟೋ ವಾಟ್ಸಾಪ್ ಮಾಡಿದರೆ ಬಹಳ ಹೊತ್ತು ಬಿಟ್ಟು ಉತ್ತರ ಬಂತು: "ಕತ್ತಿಯಲ್ಲ, ಅಡಿಕೆ ಸುಲಿಯುವ ಮೆಟ್ಟುಗತ್ತಿ."

ಹೇಳಿಕೆಯಲ್ಲಿದ್ದ ಗ್ರಾಮ ಶಂಕರನಾರಾಯಣ ಅನ್ನುವ ಊರಿನ ಕಡೆಯದು, ಸಿದ್ದಾಪುರ ಅಲ್ಲ. ಹಾಗಾದರೆ ದೊಡ್ಡಪ್ಪ ಸಿದ್ದಾಪುರದಲ್ಲಿ ಯಾಕೆ ಹುಟ್ಟಿದರು? ದೊಡ್ಡತ್ತೆಯ ಮುಂದೆ ಎರಡೂ ಕಾಗದ ಇಟ್ಟೆ. ಅವರಿಗೆ ಅದು ಪ್ರಶ್ನೆಯೇ ಅಲ್ಲ. "ಚೊಚ್ಚಲ ಹೆರಿಗೆ ಗಂಡನ ಮನೇಲಿ ಮಾಡ್ತಾರೇನೆ? ಅದು ಅಬ್ಬಿಯ ತವರು." ಯಾವ ಕಾಗದದಲ್ಲೂ ಊರು ಇಲ್ಲದ ಅಜ್ಜಿಯ ಊರು ಅವಳ ಹಿರಿ ಮಗನ ಶಾಲೆಯ ರಿಜಿಸ್ಟರಿನಲ್ಲಿ ಕೂತಿತ್ತು. ನಿಮ್ಮ ಅಜ್ಜಿಯ ಕಡೆ ಹುಡುಕುವುದಿದ್ದರೆ ಮನೆಯ ಮೊದಲ ಮಗುವಿನ ಹುಟ್ಟಿದ ಊರು ನೋಡಿ, ಕೊನೆಯ ಮಗುವಿನದನ್ನಲ್ಲ.

ಮಳೆಗಾಲ ಕಳೆದ ಮೇಲೆ ದೊಡ್ಡತ್ತೆ, ಅಪ್ಪ, ನಾನು ಹುಲಿಕಲ್ ಇಳಿದೆವು. ಗ್ರಾಮದ ಹೆಸರು ಇದ್ದರೂ ಮನೆ ಹುಡುಕುವುದಕ್ಕೆ ಅಲ್ಲಿಯ ಉಗ್ರಾಣಿಯವರ, ಅಂದರೆ ಗ್ರಾಮ ಸಹಾಯಕರ, ನೆರವು ಬೇಕಾಯಿತು. ಹಳೆ ಅಡಂಗಲ್‌ನಲ್ಲಿ, ಅಂದರೆ ಆ ಕಡೆಯ ಪಹಣಿಯಲ್ಲಿ, ಆ ಮನೆಯ ಜಾಗ ಬೇರೆಯವರ ವರ್ಗ (ಹಿಡುವಳಿ), ಅದರಲ್ಲಿ ಚಾಲಗೇಣಿಗೆ ಇದ್ದವರ ಪೈಕಿ ಮುತ್ತಜ್ಜನ ಹೆಸರಿದೆ. ಚಾಲಗೇಣಿ ಅಂದರೆ ಧಣಿ ಬೇಡ ಅಂದ ದಿನ ಎದ್ದು ಹೋಗಬೇಕು. 1930ರ ದಶಕದ ಶುರುವಿನಲ್ಲಿ ಬೆಳೆಗಳ ಬೆಲೆ ಬಿದ್ದು ಗೇಣಿ ಬಾಕಿ ಏರಿದ್ದ ಕಾಲ. ಅಜ್ಜ ಘಟ್ಟ ಹತ್ತಿ ಮತ್ತೆ ಇಳಿಯದೆ ಇದ್ದಿದ್ದಕ್ಕೆ ಕಾರಣ ಅದೇ ಅಂತ ನನ್ನ ಲೆಕ್ಕ. ದೊಡ್ಡತ್ತೆ ಒಪ್ಪುವುದಿಲ್ಲ. ಅಣ್ಣತಮ್ಮಂದಿರ ಜಗಳ ಅನ್ನುತ್ತಾರೆ.

ಆ ಜಾಗದಲ್ಲಿ ಈಗ ಇರುವವರು ನಮ್ಮನ್ನು ಕೂರಿಸಿ ಬೆಲ್ಲ, ನೀರು ಕೊಟ್ಟರು. ಮನೆಯ ಹಿರಿಯಜ್ಜಿಗೆ ತೊಂಬತ್ತರ ಹತ್ತಿರ. ನಾವು ಹೇಳಿದ್ದನ್ನೆಲ್ಲ ಕೇಳಿ, "ಹ್ವಾಯ್, ಘಟ್ಟಕ್ಕ್ ಹೋದರ್ ಸುಮಾರ್ ಜನ ಇದ್ರ್. ಅದ್ರಗೆ ನಿಮ್ಮಜ್ಜ ಯಾರಂದ್ಹೇಳಿ ಹೇಳುದ್?" ಅಂದರು. ಹೆಬ್ಬೆಟ್ಟಿನ ಹಾಳೆ ತೋರಿಸಿದರೆ ಅವರಿಗೆ ಏನು ಗೊತ್ತಾಗಬೇಕು? ಮುತ್ತಜ್ಜನ ಹೆಸರು ಹೇಳಿದಾಗ ಮಾತ್ರ ತಲೆ ಎತ್ತಿದರು. ಆ ಹೆಸರಿನವರ ಮನೆ ಇಲ್ಲೇ ಗದ್ದೆಯ ಆಚೆ ಇತ್ತಂತೆ, ಪಂಚಾಂಗದ (ಅಡಿಪಾಯದ) ಕಲ್ಲು ಅವರ ಚಿಕ್ಕಂದಿನಲ್ಲಿ ಇತ್ತಂತೆ. ನಾಗಬನವೂ ಇದೆ, ಅಡಿಕೆ ತೋಟದ ಮೂಲೆಯಲ್ಲಿ. ಅವರೇ ವರ್ಷಕ್ಕೊಮ್ಮೆ ತನು ಹಾಕಿಸುತ್ತಾರೆ, ನಾಗನಿಗೆ ಹಾಲೆರೆಯುವ ಸೇವೆ ಅದು. ಸೇವೆ ನಿಂತೇ ಇರಲಿಲ್ಲ!

ದೊಡ್ಡತ್ತೆ ಕೈ ಮುಗಿದು ಹೊರಡಲು ನೋಡಿದರು. ಅಷ್ಟರಲ್ಲಿ ಹಿರಿಯಜ್ಜಿ ಕೇಳಿದರು, "ನಿಮ್ದ್ ಯಾವ ಬಳಿ?" ಬಳಿ ಅಂದರೆ ಗೋತ್ರದ ಹಾಗೆ, ಕುಲದ ಹೆಸರು. ದೊಡ್ಡತ್ತೆ ಹೇಳಿದರು. ಹಿರಿಯಜ್ಜಿ ತಲೆ ಅಲ್ಲಾಡಿಸಿದರು. ಈ ಬನದವರ ಬಳಿ ಬೇರೆ.

ಬೇರೆಯೇ ಇರಬೇಕಲ್ಲ. ನಮ್ಮಲ್ಲಿ ಬಳಿ ಬರುವುದು ತಾಯಿಯಿಂದ. ದೊಡ್ಡಪ್ಪ, ಅಪ್ಪ, ಅತ್ತೆಯಂದಿರು ಎಲ್ಲರ ಬಳಿಯೂ ಅಜ್ಜಿಯದು. ಅಜ್ಜನ ಬಳಿ ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಯಿತು, ಅವನ ಸ್ವಂತ ಮಕ್ಕಳಿಗೆ ಬರಲಿಲ್ಲ. ನನ್ನ ಬಳಿಯಂತೂ ಅಮ್ಮನದು. ಆ ಲೆಕ್ಕದಲ್ಲಿ ನಾನು ಈ ಮನೆಯವಳೇ ಅಲ್ಲ, ಆದರೂ ಇಷ್ಟು ದಿನ ಕಾಗದ ಹೊತ್ತು ತಿರುಗಿದ್ದು ನಾನು. ಅಲ್ಲಿಯೇ ಜಗಲಿಯ ಮೇಲೆ ಚರ್ಚೆ ಶುರುವಾಯಿತು. ನಾಗ ಅಪ್ಪನ ಕಡೆಯದನ್ನೇ ನೋಡಬೇಕು, ಜಾಗದ ಮೂಲ ಅದು ಅಂತ ಅಪ್ಪ. ಬಳಿ ಯಾರದೋ ನಾಗ ಅವರದೇ ಅಂತ ಹಿರಿಯಜ್ಜಿ. ಮನೆಯ ಮಗ ಎರಡೂ ಕಡೆ ಮಾಡಿಸಿಬಿಡಿ ಅಂದರು. ಎರಡು ಅಭಿಪ್ರಾಯವೂ ಆ ಸೀಮೆಯಲ್ಲಿ ಚಾಲ್ತಿಯಲ್ಲಿದೆಯಂತೆ, ಕುಟುಂಬಕ್ಕೊಂದು ರೀತಿ. ಪ್ರಶ್ನೆ ಇಟ್ಟ ಭಟ್ಟರಿಗೆ ಫೋನ್ ಮಾಡಿದರೆ ಅವರು, "ನಾನು ಮೂಲ ಅಂದಿದ್ದು, ಯಾವ ಕಡೆಯದು ಅಂತ ನೀವು ಹೇಳಬೇಕು" ಅಂದರು.

ಆ ಬನದಲ್ಲಿ ನಾಗನಿಗೆ ಒಂದು ತಂಬಿಲದ ಸೇವೆ ಮಾಡಿಸಿದ್ದಾಯಿತು. ಮೊಮ್ಮಗಳ ಮದುವೆ ಇನ್ನೂ ನಿಶ್ಚಯ ಆಗಿಲ್ಲ, ದೊಡ್ಡತ್ತೆ ಅದಕ್ಕೆ ಕಾರಣವನ್ನೂ ಕಂಡುಕೊಂಡಿದ್ದಾರೆ: ಅಬ್ಬಿಯ ಕಡೆಯದು ಬಾಕಿ ಇದೆಯಲ್ಲ. ಹಾಗಾಗಿ ಈಗ ಸಿದ್ದಾಪುರ. ಅಜ್ಜಿಗೆ ಸರ್ವೆ ನಂಬರ್ ಇಲ್ಲ, ಗೇಣಿ ಇಲ್ಲ, ಹೆಬ್ಬೆಟ್ಟೂ ಇಲ್ಲ. ಅವಳಿಗೆ ಒಬ್ಬ ತಮ್ಮ ಇದ್ದ, ಅವನು ಅಲ್ಲಿಯೇ ಶಾಲೆಗೆ ಹೋಗಿದ್ದ ಅಂತ ದೊಡ್ಡತ್ತೆಗೆ ಮಸುಕು ಮಸುಕಾಗಿ ನೆನಪಿದೆ. ಆ ಶಾಲೆಯ ಹೆಡ್‌ಮೇಷ್ಟ್ರಿಗೆ ಕಾಗದ ಬರೆದಿದ್ದೇನೆ. 1930ರ ದಶಕದ ದಾಖಲಾತಿ ರಿಜಿಸ್ಟರ್ ಇದೆ, ದಸರಾ ರಜೆ ಮುಗಿದ ಮೇಲೆ ಬನ್ನಿ ಅಂದಿದ್ದಾರೆ.